ಪಿಸ್ತೂಲು, ಪರವಾನಗಿ ಮತ್ತು ಗುರಿಗಾರಿಕೆಯ ಕ್ಲಬ್ಬು

ನಮ್ಮ ಶಾಲೆಯ ಎನ್.ಸಿ.ಸಿ. ಹುಡುಗರು ಚಾಂದಮಾರಿಗೆ ಹೋಗಿ ಬಂದ ಮರುದಿನ ತರಗತಿಯಲ್ಲಿ ಪಾಠ ಸಾಗುವುದು ಕಷ್ಟ. ಪಾಯಿಂಟ್ ೨೨ ರೈಫಲ್ಲಿನಿಂದ ಐದೋ ಹತ್ತೋ ಗುಂಡು ಹಾರಿಸಿ ಬಂದವನ ನಡಿಗೆಯಲ್ಲಿ ಆ ದಿನ ಬೇರೆಯೇ ಒಂದು ಬಿಗುವು ಕಾಣುತ್ತದೆ. ತೂತು ಬಿದ್ದ ಗುರಿಯ ಕಾಗದವನ್ನು ವ್ಯಾಕರಣ ಪುಸ್ತಕದೊಳಗೆ ಮಡಿಸಿಟ್ಟುಕೊಂಡು, ಸಂಧಿ ಸಮಾಸಗಳ ನಡುನಡುವೆ ಅದನ್ನು ಬಿಡಿಸಿ ಬಿಡಿಸಿ ನೋಡುತ್ತಿರುತ್ತಾನೆ. ಅಂಥದೊಂದು ದಿನ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಪ್ಯಾಟ್ಯಾಗಿನ ಶೂಟಿಂಗ್ ಕ್ಲಬ್ಬಿಗೆ ಸೇರಿದ್ರ ಪಿಸ್ತೂಲು ಇಟ್ಕೊಳ್ಳಾಕ ಲೈಸನ್ಸ್ ಸಿಗತೈತಂತಲ್ರಿ, ಖರೇ ಏನ್ರಿ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕು, ಸಮಾಸಕ್ಕೆ ಮರಳಿದೆ. ಆಗ ಉತ್ತರ ಹೇಳದೆ ಬಿಟ್ಟುದು ತಪ್ಪಾಯಿತೆಂದು ತಿಳಿದದ್ದು ಕೆಲವು ತಿಂಗಳ ತರುವಾಯ, ಆ ಹುಡುಗನ ತಂದೆ ಒಂದು ಚೀಲದೊಡನೆ ನನ್ನ ಮನೆಗೆ ಬಂದಾಗ. ಚೀಲದಲ್ಲಿ ಏನಿತ್ತೆಂಬುದನ್ನು ಮುಂದೆ ಹೇಳುವೆನು. ಹುಡುಗನು ಕೇಳಿದ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯಲು ಯತ್ನಿಸಿದ್ದೇನೆ. ಸಂಚಿಕೆಯ ಸಂಪಾದಕರು ಈ ವಿಷಯಕ್ಕೆ ಪುಟಗಳನ್ನು ಕೊಟ್ಟುದು ಅವರ ಔದಾರ್ಯ.

ಆಯುಧದ ಪರವಾನಗಿಯ ಚರಿತ್ರೆ ನಮ್ಮ ಭಾಗದ ಜನರಿಗೆ ಅಪರಿಚಿತವಾದುದಲ್ಲ. ೧೮೫೭ರಲ್ಲಿ ಇಂಗ್ಲಿಷ್ ಸರ್ಕಾರವು ನಿಃಶಸ್ತ್ರೀಕರಣದ ಶಾಸನವನ್ನು ತಂದು, ಪ್ರಜೆಗಳು ತಮ್ಮ ಆಯುಧಗಳನ್ನು ತಂದೊಪ್ಪಿಸಬೇಕೆಂದು ಆಜ್ಞೆ ಮಾಡಿದಾಗ, ಮುಧೋಳದ ಸಮೀಪದ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಎದುರು ನಿಂತರು. ಬೇಟೆಯೇ ಬದುಕಾದವನಿಗೆ ಹತಾರ ಕೊಡೆಂದರೆ ಕೈ ಕತ್ತರಿಸಿ ಕೊಡೆಂದಂತೆ. ಆ ವರ್ಷದ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಲಾವಣಿಗಳಿಂದಾಗಿ ಈ ಕಥೆ ಇಂದಿಗೂ ನಮ್ಮ ಮಕ್ಕಳ ಬಾಯಲ್ಲಿದೆ. ಅನಂತರ ೧೮೭೮ರಲ್ಲಿ, ಲಿಟ್ಟನ್ ವೈಸರಾಯನಾಗಿದ್ದಾಗ ಬಂದ ಶಸ್ತ್ರಾಸ್ತ್ರ ಶಾಸನವು ಇಡೀ ದೇಶಕ್ಕೆ ಅನ್ವಯಿಸಿತು. ಭಾರತೀಯನಿಗೆ ಲೈಸನ್ಸು ಬೇಕು, ಐರೋಪ್ಯನಿಗೆ ಬೇಡ ಎಂಬುದು ಅದರ ಹುರುಳು. ಈ ಅವಮಾನವನ್ನು ನಮ್ಮ ನಾಯಕರು ಮರೆತಿರಲಿಲ್ಲ. ೧೯೩೧ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇರಬೇಕೆಂದು ಬರೆದರು.

ಆದರೆ ಸಂವಿಧಾನ ರಚನೆಯಾಗುವಾಗ ಆ ಹಕ್ಕು ಅದರೊಳಗೆ ಬರಲಿಲ್ಲ. ೧೯೪೮ರ ಡಿಸೆಂಬರದಲ್ಲಿ ಸಂವಿಧಾನ ಸಭೆಯ ಸದಸ್ಯರಾದ ಎಚ್. ವಿ. ಕಾಮತರು (ಇವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ) ಕರಾಚಿಯ ಠರಾವನ್ನು ನೆನಪಿಸಿ, ಆ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಹಕ್ಕೆಂದು ಬರೆದುಬಿಟ್ಟರೆ ದರೋಡೆಕೋರನೂ ಅದನ್ನೇ ಕೇಳುವನು ಎಂಬುದು ಅವರ ವಾದದ ತಿರುಳಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಇಂದು ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದವು ಶಾಂತವಾಗಿ, 'ಆಯುಧಗಳಿಲ್ಲದೆ' ಸಭೆ ಸೇರುವ ಹಕ್ಕನ್ನು ಕೊಡುತ್ತದೆಯೇ ಹೊರತು ಆಯುಧ ಹಿಡಿಯುವ ಹಕ್ಕನ್ನಲ್ಲ. ಅಮೆರಿಕದ ಸಂವಿಧಾನದಲ್ಲಿ ೧೭೯೧ರಿಂದ ಇರುವಂಥ ಹಕ್ಕು ನಮ್ಮಲ್ಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ೨೦೨೩ರಲ್ಲಿ ನೆನಪಿಸಿತು. ಆದುದರಿಂದ ಪಿಸ್ತೂಲಿನ ಅರ್ಜಿ ಹಿಡಿದು ಹೋಗುವವನು ತನ್ನ ಹಕ್ಕನ್ನು ವಸೂಲು ಮಾಡಲು ಹೋಗುತ್ತಿಲ್ಲ, ಒಂದು ಅನುಮತಿಯನ್ನು ಕೇಳಲು ಹೋಗುತ್ತಿದ್ದಾನೆ ಎಂಬುದನ್ನು ಮೊದಲು ತಿಳಿಯಬೇಕು.

ಈ ಅನುಮತಿಗೆ ಆಧಾರವಾದುದು ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮ. ಬಿಳಿಯ ಚರ್ಮಕ್ಕೆ ಒಂದು ನ್ಯಾಯ, ಕಂದು ಚರ್ಮಕ್ಕೆ ಒಂದು ನ್ಯಾಯ ಎಂಬ ಹಳೆಯ ಕಟ್ಟನ್ನು ಅದು ಕಿತ್ತುಹಾಕಿತು. ಅದರ ೧೪ನೆಯ ಕಲಮಿನಲ್ಲಿ ಯಾರೂ ಹೆಚ್ಚಾಗಿ ಗಮನಿಸದ ಒಂದು ಮಾತಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಲೈಸನ್ಸನ್ನು ನಿರಾಕರಿಸಕೂಡದು. ಬಂದೂಕು ದೇಸಾಯಿಯವರ ಪಡಸಾಲೆಯ ಅಲಂಕಾರವೆಂದು ತಿಳಿದಿದ್ದ ಕಾಲದಲ್ಲಿ ಈ ಮಾತು ಚಿಕ್ಕದಲ್ಲ. ನಿರಾಕರಿಸಿದರೆ ಅಧಿಕಾರಿಯು ಕಾರಣಗಳನ್ನು ಬರೆದಿಡಬೇಕು. ಕೇಳಿದರೆ ತಿಳಿಸಬೇಕು, ಸಾರ್ವಜನಿಕ ಹಿತಕ್ಕೆ ಬಾಧಕವಾದಲ್ಲಿ ಮಾತ್ರ ತಿಳಿಸದೆ ಇರಬಹುದು. ಸಾಮಾನ್ಯವಾಗಿ ನಿರಾಕರಣೆಯ ಮೇಲೆ ಮೇಲ್ಮನವಿಗೂ ಅವಕಾಶವುಂಟು.

ಈಗ ಹುಡುಗನ ಪ್ರಶ್ನೆಯ ಮರ್ಮಕ್ಕೆ ಬರೋಣ. ಅಧಿನಿಯಮದ ೧೩ನೆಯ ಕಲಮಿನ ಮೂರನೆಯ ಉಪಕಲಮು ಲೈಸನ್ಸು ಕೊಡುವ ಅಧಿಕಾರಿಗೆ ಎರಡು ಬಗೆಯ ಭಾಷೆಯಲ್ಲಿ ಮಾತನಾಡುತ್ತದೆ. ಕೆಲವು ಆಯುಧಗಳಿಗೆ 'ಕೊಡತಕ್ಕದ್ದು' ಎನ್ನುತ್ತದೆ. ನಳಿಗೆ ೨೦ ಅಂಗುಲಕ್ಕೆ ಕಡಿಮೆಯಿರದ ನುಣುಪು ನಳಿಗೆಯ ಬಂದೂಕನ್ನು ಆತ್ಮರಕ್ಷಣೆಗೋ ಕ್ರೀಡೆಗೋ ಕೇಳುವವನು, ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳುವ ರೈತ, ಮತ್ತು, ನಮಗೆ ಮುಖ್ಯವಾದುದು ಇದು, ಕೇಂದ್ರ ಸರ್ಕಾರದ ಲೈಸನ್ಸು ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಾಗಿದ್ದು ಗುರಿಯ ಅಭ್ಯಾಸಕ್ಕಾಗಿ ಆಯುಧವನ್ನು ಕೇಳುವವನು. ಈ ಮೂವರ ಅರ್ಜಿಗಳು ಬೇರೆ ದೋಷವಿಲ್ಲದಿದ್ದರೆ ಪುರಸ್ಕೃತವಾಗಬೇಕು. ಉಳಿದೆಲ್ಲ ಆಯುಧಗಳಿಗೆ ಕಾನೂನಿನ ಭಾಷೆ ಬದಲಾಗುತ್ತದೆ: ಅರ್ಜಿದಾರನಲ್ಲಿ 'ಸಕಾರಣ' ಇದೆಯೆಂದು ಅಧಿಕಾರಿಗೆ ಮನವರಿಕೆಯಾದರೆ ಕೊಡಬಹುದು. ಆತ್ಮರಕ್ಷಣೆಗೆಂದು ಕೇಳುವ ಪಿಸ್ತೂಲು, ರಿವಾಲ್ವರುಗಳು ಈ ಎರಡನೆಯ ಗುಂಪಿಗೆ ಸೇರಿದವು. ಕ್ಲಬ್ಬಿನ ಸದಸ್ಯತ್ವವು ಆರು ದಶಕಗಳಿಂದಲೂ ಕಾನೂನಿನಲ್ಲಿ ಗೌರವದ ಸ್ಥಾನ ಪಡೆದಿದೆಯೆಂಬುದು ನಿಜ. ಆದರೆ ಆ ಗೌರವ ಸಲ್ಲುವುದು ಗುರಿಯ ಅಭ್ಯಾಸದ ಆಯುಧಕ್ಕೆ, ಆತ್ಮರಕ್ಷಣೆಗೆಂದು ಜೇಬಿಗಿಳಿಯುವ ಪಿಸ್ತೂಲಿಗಲ್ಲ. ಮಧ್ಯವರ್ತಿಗಳು ನುಂಗಿಹಾಕುವ ಅಂತರ ಇದೇ.

ಹಾಗಾದರೆ ಕ್ಲಬ್ಬಿನವನಿಗೆ ಪಿಸ್ತೂಲಿನ ದಾರಿಯೇ ಇಲ್ಲವೇ? ಇದೆ, ನಿಧಾನದ ದಾರಿ. ೨೦೧೬ರ ಶಸ್ತ್ರಾಸ್ತ್ರ ನಿಯಮಗಳ ೧೨ನೆಯ ನಿಯಮವು, ನಿಷೇಧಿತವಲ್ಲದ ಬೋರಿನ ಆಯುಧಗಳಿಗೆ ಯಾರ ಅರ್ಜಿಯನ್ನು ಪರಿಗಣಿಸಬಹುದೆಂದು ಹೇಳುತ್ತದೆ. ವೃತ್ತಿ ವ್ಯಾಪಾರಗಳ ಸ್ವರೂಪದಿಂದಾಗಿ ಪ್ರಾಣ ಅಥವಾ ಸ್ವತ್ತಿನ ರಕ್ಷಣೆಯ ನಿಜವಾದ ಅಗತ್ಯವುಳ್ಳವನು ಒಬ್ಬ, ಸೈನ್ಯದಲ್ಲಿಯೋ ಪೊಲೀಸಿನಲ್ಲಿಯೋ ಸೇವೆ ಸಲ್ಲಿಸಿದ್ದು ಅಂಥದೇ ಅಗತ್ಯವುಳ್ಳವನು ಇನ್ನೊಬ್ಬ, ಮತ್ತೊಬ್ಬನು ಕ್ರೀಡಾಪಟು. ಈ ಕ್ರೀಡಾಪಟುವು ಲೈಸನ್ಸು ಪಡೆದ ಶೂಟಿಂಗ್ ಕ್ಲಬ್ಬಿನ ಅಥವಾ ರೈಫಲ್ ಸಂಘದ ಸದಸ್ಯನಾಗಿ ಹಿಂದಿನ ಎರಡು ವರ್ಷ 'ಸಕ್ರಿಯ'ವಾಗಿ ಇದ್ದಿರಬೇಕು, ಕ್ರಮಬದ್ಧವಾದ ಕಲಿಕೆಯಾಗಿ ಗುರಿಗಾರಿಕೆಯನ್ನು ಮುಂದುವರಿಸುವ ಉದ್ದೇಶ ಅವನಿಗಿರಬೇಕು. ಸಕ್ರಿಯವೆಂಬ ಪದವನ್ನು ಓದುಗರು ಗಮನಿಸಬೇಕು. ವರ್ಗಣಿ ತುಂಬಿ ರಸೀದಿ ಇಟ್ಟುಕೊಂಡವನು ಸಕ್ರಿಯನಲ್ಲ. ಯಾವ ದಿನ ಚಾಂದಮಾರಿಗೆ ಬಂದ, ಎಷ್ಟು ಗುಂಡು ಹಾರಿಸಿದ, ಯಾವ ಸ್ಪರ್ಧೆಯಲ್ಲಿ ಎಷ್ಟು ಅಂಕ ಪಡೆದ ಎಂಬ ದಾಖಲೆಯೇ ಅವನ ಸಾಕ್ಷಿ. ಇಷ್ಟಾದರೂ ನಿಯಮವು 'ಪರಿಗಣಿಸಬಹುದು' ಎನ್ನುತ್ತದೆಯೇ ಹೊರತು ಕೊಡಲೇಬೇಕು ಎನ್ನುವುದಿಲ್ಲ.

ಕ್ಲಬ್ಬೆಂದರೆ ಹೆಸರಿನ ಹಲಗೆ ತೂಗಹಾಕಿದ ಕೋಣೆಯಲ್ಲ. ಆಯುಧಗಳನ್ನಿಟ್ಟುಕೊಳ್ಳಲು ಕ್ಲಬ್ಬಿಗೇ ಪ್ರತ್ಯೇಕ ಲೈಸನ್ಸು ಬೇಕು. ದೇಶದ ಮಟ್ಟದಲ್ಲಿ ಈ ಕ್ರೀಡೆಯನ್ನು ನೋಡಿಕೊಳ್ಳುವುದು ೧೯೫೧ರಲ್ಲಿ ಸ್ಥಾಪನೆಯಾದ ಭಾರತದ ರಾಷ್ಟ್ರೀಯ ರೈಫಲ್ ಸಂಘ. ಲೋಕಸಭೆಯ ಮೊದಲ ಸ್ಪೀಕರರಾದ ಮಾವಳಂಕರರು ಅದರ ಮೊದಲ ಅಧ್ಯಕ್ಷರು. ಅವರ ಹೆಸರಿನ ಪಂದ್ಯಾವಳಿ ಇಂದಿಗೂ ರಾಷ್ಟ್ರೀಯ ಸ್ಪರ್ಧೆಗೆ ಏರುವ ಮೆಟ್ಟಿಲಾಗಿದೆ. ನಮ್ಮಲ್ಲಿ ರಾಜ್ಯ ರೈಫಲ್ ಸಂಘವಿದೆ. ಸೇರಬೇಕೆನ್ನುವವನು ಮೊದಲು ರಾಜ್ಯ ಸಂಘವನ್ನು ಕೇಳಿ, ತನ್ನ ಜಿಲ್ಲೆಯ ಯಾವ ಕ್ಲಬ್ಬಿಗೆ ಅದರ ಸಂಲಗ್ನತೆ ಇದೆಯೆಂದು ತಿಳಿದುಕೊಳ್ಳುವುದು ವಿಹಿತ. ಹೊಸಬನಿಗೆ ಒಳ್ಳೆಯ ಕ್ಲಬ್ಬು ಮೊದಲ ದಿನವೇ ಆಯುಧ ಕೊಡುವುದಿಲ್ಲ. ಖಾಲಿಯಿದ್ದರೂ ತುಂಬಿದೆಯೆಂದೇ ಭಾವಿಸು, ನಳಿಗೆಯನ್ನು ಗುರಿಯ ದಿಕ್ಕಿಗಲ್ಲದೆ ಬೇರೆಡೆಗೆ ತಿರುಗಿಸಬೇಡ, ಹಾರಿಸುವ ಕ್ಷಣದವರೆಗೆ ಬೆರಳನ್ನು ಕುದುರೆಯ ಮೇಲಿಡಬೇಡ: ಈ ಪಾಠವೇ ಕೆಲವು ದಿನ ನಡೆಯುತ್ತದೆ. ಬೇಸರಪಟ್ಟು ಬಿಟ್ಟುಹೋಗುವವರು ಈ ಹಂತದಲ್ಲೇ ಹೋಗುತ್ತಾರೆ, ಹೋಗುವುದೂ ಒಳ್ಳೆಯದೇ.

ಅರ್ಜಿಯ ವಿಧಿಗಳನ್ನು ಸಂಕ್ಷೇಪವಾಗಿ ಹೇಳುವೆನು. ಅರ್ಜಿದಾರನಿಗೆ ೨೧ ವರ್ಷ ತುಂಬಿರಬೇಕು. ಹಿಂಸೆ ಅಥವಾ ನೈತಿಕ ಅಧಃಪತನವನ್ನೊಳಗೊಂಡ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವನು, ಶಿಕ್ಷೆ ಮುಗಿದು ಐದು ವರ್ಷ ಕಳೆಯುವವರೆಗೆ ಅನರ್ಹ. ಜಿಲ್ಲೆಯಲ್ಲಿ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ ಸಲ್ಲಬೇಕು. ಗುರುತು ಮತ್ತು ವಿಳಾಸದ ದಾಖಲೆಗಳ ಜೊತೆಗೆ ಮೂರು ಕಾಗದಗಳು ಮುಖ್ಯ. ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರ. ಮನೆಯಲ್ಲಿ ಅದನ್ನು ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ. ಮತ್ತು ದೇಹ, ಮನಸ್ಸುಗಳೆರಡೂ ಸ್ವಸ್ಥವಾಗಿವೆ, ಮಾದಕ ವಸ್ತುಗಳ ಅವಲಂಬನೆಯಿಲ್ಲ ಎಂಬ ವೈದ್ಯರ ಪತ್ರ. ಬಳಿಕ ಠಾಣೆಯವರು ಮನೆಗೆ ಬಂದು, ನೆರೆಹೊರೆಯಲ್ಲಿ ವಿಚಾರಿಸಿ ವರದಿ ಕಳುಹಿಸುತ್ತಾರೆ. ಸೋದರರ ಹೊಲದ ಗಡಿಯ ವ್ಯಾಜ್ಯ, ಕುಡಿದು ಮಾಡಿದ ಜಗಳ, ಎಲ್ಲವೂ ಅಲ್ಲಿ ಹೊರಬರುತ್ತವೆ. ಲೈಸನ್ಸು ದೊರೆತರೆ, ೨೦೧೯ರ ತಿದ್ದುಪಡಿಯ ಪ್ರಕಾರ ಅದರ ಅವಧಿ ಐದು ವರ್ಷ, ಹಿಂದೆ ಮೂರಿತ್ತು. ಪ್ರತಿ ಲೈಸನ್ಸಿಗೂ ರಾಷ್ಟ್ರೀಯ ದತ್ತಕೋಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯಿಲ್ಲದ ಪುಸ್ತಕ ಎಷ್ಟು ಮೊಹರುಗಳಿಂದ ಅಲಂಕೃತವಾಗಿದ್ದರೂ ಕೇವಲ ಕಾಗದ.

ವೈದ್ಯರ ಪತ್ರವೇಕೆ, ಠಾಣೆಯ ವಿಚಾರಣೆಯೇಕೆ, ಕ್ಲಬ್ಬಿನ ಕಾರ್ಯದರ್ಶಿಯ ಮಾತೊಂದು ಸಾಲದೇ ಎಂದು ಕೇಳುವವರುಂಟು. ಅವರಿಗೆ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ವೃತ್ತಾಂತವನ್ನು ಹೇಳಬೇಕಾಗುತ್ತದೆ. ೧೯೯೬ರ ಮಾರ್ಚ್ ೧೩ರ ಬೆಳಿಗ್ಗೆ ಒಬ್ಬ ಮನುಷ್ಯ ಅಲ್ಲಿಯ ಪ್ರಾಥಮಿಕ ಶಾಲೆಯ ವ್ಯಾಯಾಮ ಮಂದಿರಕ್ಕೆ ನಾಲ್ಕು ಕೈಬಂದೂಕುಗಳೊಡನೆ ನುಗ್ಗಿ, ೧೬ ಮಂದಿ ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದು, ತಾನೂ ಗುಂಡಿಟ್ಟುಕೊಂಡು ಸತ್ತ. ಆ ಮಕ್ಕಳೆಲ್ಲ ಐದಾರು ವರ್ಷದವರು. ಅವನ ಆಯುಧಗಳು ಕಳ್ಳಮಾಲಲ್ಲ. ಎಲ್ಲಕ್ಕೂ ಅನುಮತಿಯಿತ್ತು, ಗುರಿಯ ಅಭ್ಯಾಸವೆಂಬ ಕಾರಣದ ಮೇಲೆ ಕೊಟ್ಟದ್ದು. ಅವನು ಕ್ಲಬ್ಬುಗಳಲ್ಲಿ ಗುರಿ ಹೊಡೆಯುತ್ತಿದ್ದವನು. ಬ್ರಿಟನ್ನಿನ ಪಾರ್ಲಿಮೆಂಟು ೧೯೯೭ರಲ್ಲಿ ಎರಡು ಶಾಸನಗಳನ್ನು ಮಾಡಿ, ಮೊದಲು ದೊಡ್ಡ ಬೋರಿನ, ತರುವಾಯ ಪಾಯಿಂಟ್ ೨೨ ಬೋರಿನ ಪಿಸ್ತೂಲುಗಳನ್ನೂ ಜನರ ಕೈಯಿಂದ ತೆಗೆದುಹಾಕಿತು. ಅಲ್ಲಿಯ ಪಿಸ್ತೂಲು ಗುರಿಕಾರರು ಅಭ್ಯಾಸಕ್ಕಾಗಿ ಪರದೇಶಕ್ಕೆ ಹೋಗಬೇಕಾಯಿತು. ೨೦೧೨ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದಾಗ ಸ್ಪರ್ಧೆಗಾಗಿ ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು. ಸಾವಿರಾರು ಸಜ್ಜನ ಗುರಿಕಾರರಿಗೆ ಅನ್ಯಾಯವಾಯಿತೆಂಬ ವಾದ ಅಲ್ಲಿ ಇಂದಿಗೂ ಇದೆ. ನಾನು ಶಾಲೆಯ ಮೇಷ್ಟ್ರು, ಪಕ್ಷಪಾತಿ. ಆ ವ್ಯಾಯಾಮ ಮಂದಿರವನ್ನು ನೆನೆದಾಗ ನನಗೆ ಆ ವಾದವನ್ನು ತೂಗಿ ನೋಡುವ ಶಕ್ತಿ ಇರುವುದಿಲ್ಲ.

ನಮ್ಮ ದೇಶ ಅಷ್ಟು ದೂರ ಹೋಗಿಲ್ಲ. ಆದರೆ ಎಲ್ಲ ಪಿಸ್ತೂಲೂ ಒಂದೇ ಅಲ್ಲ. ೯ ಮಿಲಿಮೀಟರಿನ ಪಿಸ್ತೂಲು, ಪಾಯಿಂಟ್ ೩೮ರ ರಿವಾಲ್ವರು ಮೊದಲಾದವು ಸೈನ್ಯ ಪೊಲೀಸರ ಬೋರುಗಳಾದುದರಿಂದ 'ನಿಷೇಧಿತ ಬೋರು' ಎನಿಸಿವೆ. ಅವುಗಳ ಅನುಮತಿ ಕೇಂದ್ರದ ಗೃಹ ಮಂತ್ರಾಲಯದ ಕೈಯಲ್ಲಿದೆ. ಸಾಮಾನ್ಯ ನಾಗರಿಕನಿಗೆ ದಕ್ಕುವುದು ಬಹುಮಟ್ಟಿಗೆ ಪಾಯಿಂಟ್ ೩೨. ಕಾನಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರು ಈ ಬೋರಿನದು. ಸಾಮಾನ್ಯ ನಾಗರಿಕನು ವಿದೇಶದಿಂದ ಆಯುಧ ತರಿಸುವುದು ೧೯೮೦ರ ದಶಕದಿಂದಲೂ ನಿಂತುಹೋಗಿದೆ. ಆ ಕಾರಣದಿಂದಲೇ ಹಳೆಯ ಪರದೇಶಿ ಪಿಸ್ತೂಲುಗಳಿಗೆ ಚಿನ್ನದ ಬೆಲೆ. ಸಾಮಾನ್ಯನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ೧೯೮೩ರ ತಿದ್ದುಪಡಿಯಿಂದ ಮೂರಾಗಿತ್ತು. ೨೦೧೯ರ ಡಿಸೆಂಬರದಿಂದ ಎರಡಕ್ಕಿಳಿದಿದೆ. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಾಗ, ಅಜ್ಜನ ಕಾಲದ ಬಂದೂಕನ್ನು ಬಿಡಲಾಗದೆ ಕಣ್ಣೀರಿಟ್ಟವರೂ ಉಂಟು. ಕ್ರೀಡಾಪಟುಗಳ ಮಟ್ಟಿಗೆ ಮಾತ್ರ ಸರ್ಕಾರ ಕೈ ಬಿಗಿಹಿಡಿಯಲಿಲ್ಲ. ರಾಷ್ಟ್ರೀಯ ಮಟ್ಟದ ಅರ್ಹತಾ ಅಂಕಗಳನ್ನು ಗಳಿಸಿ 'ಪ್ರಖ್ಯಾತ ಗುರಿಕಾರ'ನೆನಿಸಿದವನು ಒಂದು ಸ್ಪರ್ಧೆಯಲ್ಲಾದರೆ ೮, ಎರಡರಲ್ಲಾದರೆ ೧೦, ಹೆಚ್ಚಿನವುಗಳಲ್ಲಾದರೆ ೧೨ ಆಯುಧಗಳನ್ನು ಇಟ್ಟುಕೊಳ್ಳಬಹುದೆಂದು ೨೦೨೦ರಲ್ಲಿ ಆದೇಶವಾಯಿತು.

ಲೈಸನ್ಸು ದೊರೆತಮಾತ್ರಕ್ಕೆ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆಯಲ್ಲಿ ತಿರುಗುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಝಳಪಿಸುವುದು ನಿಷಿದ್ಧ. ಮದುವೆಯ ಮೆರವಣಿಗೆಯಲ್ಲಿ ಹರ್ಷಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಅನ್ಯರ ಜೀವಕ್ಕೆ ಅಪಾಯ ತಂದವನಿಗೆ ೨೦೧೯ರಿಂದ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಆಗಬಹುದು. ಲೈಸನ್ಸಿಲ್ಲದೆ ಆಯುಧ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷ. ನಿಷೇಧಿತ ಬೋರಾದರೆ ಏಳರಿಂದ ಹದಿನಾಲ್ಕು ವರ್ಷ. ಸಂತೆಯ ಸಂದಿಯಲ್ಲಿ ಕೆಲವು ಸಾವಿರಕ್ಕೆ ಸಿಗುವ ನಾಡ ಪಿಸ್ತೂಲಿನ ಬೆಲೆಯನ್ನು ಈ ವರ್ಷಗಳಲ್ಲಿ ಎಣಿಸಬೇಕು. ಚುನಾವಣೆ ಬಂತೆಂದರೆ ಲೈಸನ್ಸುದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶವೂ ಹೊರಡುತ್ತದೆ. ಕಾಡುಹಂದಿ, ಮಂಗಗಳಿಗೆ ಚುನಾವಣೆಯ ಪರಿವೆಯಿಲ್ಲವೆಂದು ಮಲೆನಾಡಿನ ರೈತರು ಪ್ರತಿ ಸಲವೂ ಗೊಣಗುತ್ತಾರೆ. ಅವರ ಗೊಣಗಿನಲ್ಲಿ ನ್ಯಾಯವಿದೆ. ಸಾರಾಸಗಟು ಆದೇಶ ಸಲ್ಲದು, ಒಬ್ಬೊಬ್ಬರ ಪ್ರಕರಣವನ್ನೂ ಪ್ರತ್ಯೇಕವಾಗಿ ನೋಡಬೇಕೆಂದು ನ್ಯಾಯಾಲಯಗಳೂ ಹೇಳಿವೆ.

ನಮ್ಮ ರಾಜ್ಯದ ಮಾತು ಬಂದಾಗ ಕೊಡಗನ್ನು ಬಿಡಲಾಗದು. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಶಾಸನದಿಂದ ವಿನಾಯಿತಿ ದೊರೆತದ್ದು ೧೮೬೧ರಷ್ಟು ಹಿಂದೆ. ಕೈಲ್‌ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅಲ್ಲಿಯ ಸಂಪ್ರದಾಯ. ಸ್ವತಂತ್ರ ಭಾರತದ ಸರ್ಕಾರವೂ ೧೯೬೩ರಲ್ಲಿ ಆ ವಿನಾಯಿತಿಯನ್ನು ಮುಂದುವರಿಸಿತು. ೨೦೧೯ರ ಆದೇಶವು ಅದನ್ನು ೨೦೨೯ರ ಅಕ್ಟೋಬರದವರೆಗೆ ವಿಸ್ತರಿಸಿದೆ. ಜಾತಿ, ಹಿಡುವಳಿಗಳ ಆಧಾರದ ಮೇಲೆ ಹೀಗೆ ಭೇದ ಮಾಡಬಹುದೇ ಎಂಬ ಪ್ರಶ್ನೆ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ೨೦೨೧ರಲ್ಲಿ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಹಲಗಲಿಯಲ್ಲಿ ಆಯುಧ ಕಸಿದುಕೊಂಡ ನಾಲ್ಕೇ ವರ್ಷಕ್ಕೆ ಕೊಡಗಿನಲ್ಲಿ ಆಯುಧ ಬಿಟ್ಟುಕೊಟ್ಟ ಸರ್ಕಾರ ಒಂದೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಯೋಚಿಸಬಹುದು.

ಇನ್ನು ಚೀಲದ ವಿಷಯ. ಹುಡುಗನ ತಂದೆ ಗುತ್ತಿಗೆ ಕೆಲಸ ಮಾಡುವವರು. ನಾಲ್ಕು ಜನರೆದುರು ಸೊಂಟದಲ್ಲಿ ಪಿಸ್ತೂಲಿದ್ದರೆ ಮಾತಿಗೆ ತೂಕ ಬರುವುದೆಂಬ ಆಸೆ ಅವರದು. ಮಗನಿಗೆ ಬೇಕಾಗಿದ್ದುದು ಗುರಿ. ಪಟ್ಟಣದಲ್ಲಿ ಪರಿಚಯವಾದ ಮಧ್ಯವರ್ತಿಯೊಬ್ಬ ಇಬ್ಬರ ಆಸೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ: ತಂದೆ ಮಗ ಇಬ್ಬರೂ ಕ್ಲಬ್ಬಿನ ಸದಸ್ಯರಾಗಲಿ, ಮೂರು ತಿಂಗಳಲ್ಲಿ ಇಬ್ಬರ ಹೆಸರಿಗೂ ಲೈಸನ್ಸು. ಎರಡು ಎಕರೆಯ ಶೇಂಗಾದ ದುಡ್ಡು ಅವನ ಕೈ ಸೇರಿತು. ಚೀಲದಲ್ಲಿ ಎರಡು ಹೊಳೆಯುವ ಸದಸ್ಯತ್ವದ ಚೀಟಿಗಳೂ, ದೂರದ ಬೇರೊಂದು ರಾಜ್ಯದ ಅಧಿಕಾರಿಯ ಹೆಸರಿನಲ್ಲಿ ಮೊಹರು ಬಿದ್ದ ಲೈಸನ್ಸಿನ ಪುಸ್ತಕವೊಂದೂ ಇದ್ದವು. "ಇದು ಖರೇದೋ ಖೊಟ್ಟಿಯೋ ನೋಡಿ ಹೇಳ್ರಿ ಗುರುಗಳ, ನಿಮ್ಮ ಹುಡುಗ ಒಪ್ಪವಲ್ಲ," ಎಂದರು. ನಮ್ಮ ಹುಡುಗನೇ ಅಪ್ಪನನ್ನು ತಡೆದಿದ್ದ. ಅವರು ಆ ರಾಜ್ಯಕ್ಕೆ ಎಂದೂ ಹೋದವರಲ್ಲ, ಠಾಣೆಯವರು ಮನೆಗೆ ಬಂದಿರಲಿಲ್ಲ, ಯಾವ ವೈದ್ಯರೂ ಪರೀಕ್ಷಿಸಿರಲಿಲ್ಲ, ಗುರುತಿನ ಸಂಖ್ಯೆಯ ಜಾಗ ಖಾಲಿ. ಮಗನಿಗಂತೂ ಆಗ ಹದಿನಾಲ್ಕು ವರ್ಷ. ಅವನ ಹೆಸರಿಗೆ ಲೈಸನ್ಸಿನ ಮಾತೇ ಇಲ್ಲ. ನಮ್ಮ ಹಳೆಯ ವಿದ್ಯಾರ್ಥಿಯಾದ ವಕೀಲರೊಬ್ಬರು ಪುಸ್ತಕವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, ಇದನ್ನು ತೋರಿಸಿ ಆಯುಧವೇನಾದರೂ ಕೊಂಡಿರಾ ಎಂಬುದು. ಕೊಂಡಿರಲಿಲ್ಲ. ಕೊಂಡಿದ್ದರೆ, ಖೊಟ್ಟಿ ಲೈಸನ್ಸಿನ ಪಿಸ್ತೂಲು ಲೈಸನ್ಸಿಲ್ಲದ ಪಿಸ್ತೂಲೇ ಆಗಿ, ಮೋಸ ಹೋದವನೇ ಆರೋಪಿಯಾಗಿ ನಿಲ್ಲಬೇಕಾಗುತ್ತಿತ್ತು. ಮರುದಿನ ಅವರು ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಮಧ್ಯವರ್ತಿಯ ದೂರವಾಣಿ ಅಂದಿನಿಂದ ಮೌನವಾಗಿದೆ. ಶೇಂಗಾದ ದುಡ್ಡು ಮರಳಿಲ್ಲ.

ಹುಡುಗನಿಗೆ ನಾನು ತಡವಾಗಿ ಹೇಳಿದ ಉತ್ತರ ಬೇರೆ. ಗುರಿಗಾರಿಕೆಗೆ ಪಿಸ್ತೂಲಿನ ಲೈಸನ್ಸೇ ಬೇಕಾಗಿಲ್ಲ. ಒಲಿಂಪಿಕ್ಸಿನ ೧೦ ಮೀಟರ್ ಸ್ಪರ್ಧೆಗಳು ನಡೆಯುವುದು ಮದ್ದಿನಿಂದಲ್ಲ, ಗಾಳಿಯ ಒತ್ತಡದಿಂದ ಸೀಸದ ಗುಂಡನ್ನು ದೂಡುವ ಏರ್ ಪಿಸ್ತೂಲು, ಏರ್ ರೈಫಲ್ಲುಗಳಿಂದ. ೨೦೧೬ರ ನಿಯಮಗಳ ಪ್ರಕಾರ, ಬೋರು ಪಾಯಿಂಟ್ ೧೭೭ ಅಂದರೆ ೪.೫ ಮಿಲಿಮೀಟರನ್ನೂ, ಗುಂಡಿನ ಶಕ್ತಿ ೨೦ ಜೂಲನ್ನೂ ಮೀರದಿದ್ದರೆ ಅಂಥ ಆಯುಧಕ್ಕೆ ಲೈಸನ್ಸಿನ ಅಗತ್ಯವಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಇದರ ಅರ್ಧಕ್ಕೂ ಕಡಿಮೆ. ೨೦೦೮ರಲ್ಲಿ ಅಭಿನವ ಬಿಂದ್ರಾ ಅವರ ಚಿನ್ನ, ೨೦೨೪ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಅವರ ಎರಡು ಕಂಚುಗಳು, ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೪ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಗೆದ್ದ ಬೆಳ್ಳಿ, ಎಲ್ಲವೂ ಈ ಗಾಳಿಯ ಆಯುಧಗಳ ಗಳಿಕೆ. ಪಾಯಿಂಟ್ ೨೨ನ್ನು ಕಲಿಯಬೇಕೆನ್ನುವ ಬಾಲಕ ಬಾಲಕಿಯರು ಕೂಡ ೧೨ ವರ್ಷ ತುಂಬಿದ ಮೇಲೆ, ತರಬೇತುದಾರರ ಕಣ್ಣೆದುರಿನಲ್ಲಿ, ಕ್ಲಬ್ಬಿನ ಆಯುಧದಿಂದಲೇ ಅಭ್ಯಾಸ ಮಾಡಬಹುದು, ಸ್ವಂತದ್ದು ಬೇಕಿಲ್ಲ.

ಆಟ ಸುಲಭವೆಂದಲ್ಲ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಪಿಸ್ತೂಲಿಗೆ ೧೧.೫ ಮಿಲಿಮೀಟರ್, ಕಡಲೆಕಾಳಿಗಿಂತ ಬಹಳ ದೊಡ್ಡದಲ್ಲ. ರೈಫಲ್ಲಿಗಂತೂ ಅರ್ಧ ಮಿಲಿಮೀಟರಿನ ಚುಕ್ಕೆ. ಒಂದೂವರೆ ಕಿಲೋಗ್ರಾಮಿನವರೆಗೆ ತೂಗುವ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದು, ೭೫ ನಿಮಿಷಗ‌ಳೊಳಗೆ ೬೦ ಗುಂಡುಗಳನ್ನು ಹಾರಿಸಬೇಕು. ಉಸಿರು ಏರಿದರೆ ನಳಿಗೆಯ ತುದಿ ಏರುತ್ತದೆ. ಹಿಂದಿನ ಗುಂಡಿನ ಚಿಂತೆ ಬೆರಳಿಗಿಳಿದರೆ ಮುಂದಿನದೂ ಕೆಡುತ್ತದೆ. ಖರ್ಚೂ ಕಡಿಮೆಯೇನಲ್ಲ. ಪರದೇಶಗಳಲ್ಲಿ ತಯಾರಾಗುವ ಸ್ಪರ್ಧೆಯ ಏರ್ ಪಿಸ್ತೂಲು ಒಬ್ಬ ಒಕ್ಕಲಿಗನ ಜೋಡೆತ್ತಿನ ಬೆಲೆಗೆ ಮಿಗಿಲಾದುದು. ಆದುದರಿಂದ ಮೊದಲ ವರ್ಷಗಳಲ್ಲಿ ಕ್ಲಬ್ಬಿನ ಆಯುಧವೇ ಗತಿ. ಅದಕ್ಕೂ ಸರದಿ ಕಾಯಬೇಕು.

ಆ ಹುಡುಗ ಈಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ರವಿವಾರ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಪಟ್ಟಣಕ್ಕೆ ಹೋಗಿ, ರಾಜ್ಯ ಸಂಘದ ಸಂಲಗ್ನತೆಯಿರುವ ಕ್ಲಬ್ಬೊಂದರಲ್ಲಿ ಎರಡು ತಾಸು ಅಭ್ಯಾಸ ಮಾಡಿ ಮಧ್ಯಾಹ್ನದೊಳಗೆ ಹಿಂದಿರುಗುತ್ತಾನೆ. ಉಳಿದ ದಿನಗಳಲ್ಲಿ, ತರಬೇತುದಾರರು ಹೇಳಿಕೊಟ್ಟಂತೆ, ನೀರು ತುಂಬಿದ ತಂಬಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದು ಹಿತ್ತಲಿನ ಗೋಡೆಗೆ ಎದುರಾಗಿ ನಿಲ್ಲುತ್ತಾನೆ. ನೀರು ತುಳುಕದೆ ಎಷ್ಟು ಹೊತ್ತು ನಿಂತನೆಂದು ಗಡಿಯಾರ ನೋಡಿ ಬರೆದಿಡುವವರು ಅವನ ತಂದೆ.